ಮುಖ್ಯಮಂತ್ರಿಗಳೇ, ಶಾಲು ಹೊದಿಸಿದ್ದಾಯ್ತು, ಪುಸ್ತಕ ಯಾವಾಗ ಕೊಳ್ತೀರಿ?

ಮಾನ್ಯ ಮುಖ್ಯಮಂತ್ರಿಗಳಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಸನ್ಮಾನ್ಯರೇ, ನಮಸ್ಕಾರ.

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಪುಸ್ತಕದಂಗಡಿ ಇಟ್ಕೊಂಡಿರೋನು. ಪುಸ್ತಕದಂಗಡಿ ಅಂತ ಬೋರ್ಡಲ್ಲಿ ಇದೆ ಅಷ್ಟೇ, ಮುಕ್ಕಾಲು ಪಾಲು ವ್ಯಾಪಾರ ನೋಟ್‌ಬುಕ್ಕು, ಗೈಡು, ಪೆನ್ನು, ಜೆರಾಕ್ಸು, ಅದರಲ್ಲಿ ಬಾಡಿಗೆ ಕರೆಂಟು ಕಟ್ಕೊಂಡು ಹಿಂದಿನ ಎರಡು ರ‍್ಯಾಕಲ್ಲಿ ಕತೆ, ಕಾದಂಬರಿ, ಕವನ ಇಟ್ಟಿದೀನಿ. ಅದು ವ್ಯಾಪಾರಕ್ಕೆ ಅನ್ನೋದಕ್ಕಿಂತ ಚಟಕ್ಕೆ ಅಂತ ನಮ್ಮನೆಯವ್ರು ಹೇಳ್ತಾರೆ, ಇರಲಿ. 2025 ಮುಗೀತಾ ಬಂತು. ಈ ವರ್ಷ ಕನ್ನಡ ಸಾಹಿತ್ಯದ ಬಗ್ಗೆ ಮಾತಾಡಿದಷ್ಟು ನಾನು ಅಂಗಡಿ ಇಟ್ಟಾಗಿಂದ ಯಾವ ವರ್ಷಾನೂ ಜನ ಮಾತಾಡಿಲ್ಲ, ಟೀ ಅಂಗಡೀಲಿ, ಬಸ್ಸಲ್ಲಿ, ಟೀವೀಲಿ ಎಲ್ಲಾ ಕಡೆ ಸಾಹಿತಿಗಳದ್ದೇ ಸುದ್ದಿ. ಆದ್ರೂ ನನ್ನ ಹಿಂದಿನ ಎರಡು ರ‍್ಯಾಕು ಎರಡೇ ರ‍್ಯಾಕಾಗಿ ಉಳ್ಕೊಂಡಿದೆ. ಯಾಕೆ ಅನ್ನೋದಕ್ಕೆ ನನಗೆ ತಿಳಿದಷ್ಟು ಕಾರಣ ನಿಮಗೆ ಬರೀಬೇಕು ಅನ್ನಿಸ್ತು.

ನಿಮಗೇ ಯಾಕೆ ಅಂದ್ರೆ, ಜಿಲ್ಲಾ ಗ್ರಂಥಾಲಯಗಳು ಶಾಲಾ ಶಿಕ್ಷಣ ಇಲಾಖೆ ಕೆಳಗೆ ಬರುತ್ವೆ, ಪಂಚಾಯ್ತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆ ಕೆಳಗೆ, ಅಕಾಡೆಮಿ, ಪುಸ್ತಕ ಪ್ರಾಧಿಕಾರ, ಭಾಷಾ ಭಾರತಿ ಎಲ್ಲಾ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೆಳಗೆ. ಒಬ್ಬರಿಗೆ ಬರೆದ್ರೆ ಇದು ನಮ್ಮ ಇಲಾಖೇದಲ್ಲ ಅಂತಾರೆ, ಇನ್ನೊಬ್ಬರಿಗೆ ಬರೆದ್ರೆ ಹಣಕಾಸು ಇಲಾಖೆ ಒಪ್ಪಬೇಕು ಅಂತಾರೆ, ಹಣಕಾಸು ಖಾತೆ ನೋಡಿದ್ರೆ ನಿಮ್ಮ ಹತ್ರಾನೇ ಇದೆ. ಅದೂ ಅಲ್ಲದೆ ಕನ್ನಡ ಕಾವಲು ಸಮಿತಿಗೆ ಮೊದಲ ಅಧ್ಯಕ್ಷರಾಗಿದ್ದೋರು ನೀವು. ಕನ್ನಡದ ವಿಷ್ಯ ಅಂದ್ರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದೀನಿ.

ವರ್ಷ ಹೆಂಗೆ ಹೋಯ್ತು ಅಂತ ಒಂದ್ಸಲ ತಿರುಗಿ ನೋಡಿ ಸಾರ್. 2024ರ ಡಿಸೆಂಬರ್ ಕೊನೇಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ಆಯ್ತು, ಗೊ.ರು. ಚನ್ನಬಸಪ್ಪನವ್ರು ಅಧ್ಯಕ್ಷರು, ಆ ವಯಸ್ಸಲ್ಲಿ ಅವ್ರು ಹಂಗೆ ಕೂತು ಮಾತಾಡಿದ್ದು ನೋಡಿಯೇ ಸಂತೋಷ ಆಯ್ತು, ಆದ್ರೆ ಪೇಪರ್ ತುಂಬಾ ಬಂದಿದ್ದು ಸಮ್ಮೇಳನದಲ್ಲಿ ಬಾಡೂಟ ಹಾಕ್ಬೇಕೋ ಬೇಡ್ವೋ ಅನ್ನೋ ಜಗಳದ ಸುದ್ದಿ. ಅದೇ ಸುಮಾರಿಗೆ ಕೆ.ವಿ. ನಾರಾಯಣ ಅವ್ರ ನುಡಿಗಳ ಅಳಿವು ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಘೋಷಣೆ ಆಯ್ತು, ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತಾಯ್ತೋ ಏನೋ. ಫೆಬ್ರವರಿ ಕೊನೇಲಿ ವಿಧಾನಸೌಧದ ಆವರಣದಲ್ಲೇ ಪುಸ್ತಕ ಮೇಳ ಆಯ್ತು. ಇದನ್ನ ಮನಸಾರೆ ಹೊಗಳ್ತೀನಿ, ಯಾಕಂದ್ರೆ ಗೇಟ್ ಹೊರಗೆ ನಿಂತು ಫೋಟೋ ತೆಗೆಸ್ಕೊಂಡು ಹೋಗ್ತಿದ್ದ ಸಾಮಾನ್ಯ ಜನ ಅವತ್ತು ಒಳಗೆ ಹೋಗಿ ಪುಸ್ತಕ ಕೊಂಡ್ಕೊಂಡು ಬಂದ್ರು.

ಆಮೇಲೆ ಮೇ ತಿಂಗಳು ಬಂತು. ಅಬ್ಬಾ ಆ ಹದಿನೈದು ದಿನ! 20ನೇ ತಾರೀಕು ಲಂಡನ್ನಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವ್ರಿಗೆ, ಅನುವಾದ ಮಾಡಿದ ಕೊಡಗಿನ ದೀಪಾ ಭಾಸ್ತಿ ಅವ್ರಿಗೆ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂತು, ಹಾರ್ಟ್ ಲ್ಯಾಂಪ್ ಅನ್ನೋ ಪುಸ್ತಕಕ್ಕೆ. ಕನ್ನಡದ ಪುಸ್ತಕಕ್ಕೆ ಇದೇ ಮೊದಲು, ಕತೆಗಳ ಸಂಕಲನಕ್ಕೂ ಇದೇ ಮೊದಲು. 1990ರಿಂದ ಈಚೆಗೆ ಬರೆದ ಹನ್ನೆರಡು ಕತೆ, ವಕೀಲಿ ಮಾಡ್ಕೊಂಡು, ಮನೆ ಮಕ್ಕಳು ನೋಡ್ಕೊಂಡು ಹೆಣ್ಮಗಳೊಬ್ಬರು ಬರೆದಿದ್ದು. 50 ಸಾವಿರ ಪೌಂಡ್ ಬಹುಮಾನದಲ್ಲಿ ಬರೆದೋರಿಗೆ ಅರ್ಧ, ಅನುವಾದ ಮಾಡಿದೋರಿಗೆ ಅರ್ಧ ಅಂತ ಸಮ ಹಂಚಿದ್ರು, ಅದು ನನಗೆ ಬಹಳ ಹಿಡಿಸ್ತು. ನಾಲ್ಕು ದಿನ ಆಗಿಲ್ಲ, ಚೆನ್ನೈಯಲ್ಲಿ ಒಬ್ಬ ನಟರು ಕನ್ನಡ ತಮಿಳಿಂದ ಹುಟ್ಟಿದ್ದು ಅಂದ್ರು, ರಾಜ್ಯ ಪೂರ್ತಿ ಭಾಷಾವಿಜ್ಞಾನಿಗಳಾದ್ವಿ. 30ಕ್ಕೆ ಎಚ್.ಎಸ್. ವೆಂಕಟೇಶಮೂರ್ತಿ ಮೇಷ್ಟ್ರು ಹೋಗ್ಬಿಟ್ರು, ಮನೆಮನೇಲಿ ಅವ್ರ ಹಾಡು ಗುನುಗ್ತಾರೆ, ಬರೆದಿದ್ದು ಯಾರು ಅಂತ ಗೊತ್ತಿಲ್ಲದೆ ಗುನುಗೋರೇ ಜಾಸ್ತಿ. ಜೂನ್ 2ಕ್ಕೆ ನೀವು ವಿಧಾನಸೌಧದಲ್ಲಿ ಬುಕರ್ ವಿಜೇತರಿಬ್ಬರಿಗೂ ಸನ್ಮಾನ ಮಾಡಿ ತಲಾ 10 ಲಕ್ಷ ಕೊಟ್ರಿ. ಸರಿಯಾಗೇ ಮಾಡಿದ್ರಿ, ಯಾರೂ ಬೇಡ ಅನ್ನಲ್ಲ.

ಈಗ ಆ ಹದಿನೈದು ದಿನ ನನ್ನ ಅಂಗಡೀಲಿ ಏನಾಯ್ತು ಹೇಳ್ತೀನಿ ಕೇಳಿ. ಯಾವತ್ತೂ ಗೈಡ್ ಬಿಟ್ಟು ಬೇರೆ ಕೇಳ್ದೇ ಇರೋ ಜನ ಬಂದು ಬಾನು ಮೇಡಂ ಪುಸ್ತಕ ಕೊಡಿ ಅಂದ್ರು. ಕಾಲೇಜು ಹುಡ್ಗೀರು ಬಂದ್ರು, ಕೋರ್ಟಿನ ಗುಮಾಸ್ತರು ಬಂದ್ರು, ಮಸೀದಿ ಬೀದಿಯಿಂದ ಒಬ್ಬ ಅಜ್ಜಿ ಮೊಮ್ಮಗನ್ನ ಕರ್ಕೊಂಡು ಬಂದು ಇವನು ಓದಿ ಹೇಳ್ತಾನೆ ಕೊಡಪ್ಪ ಅಂದ್ರು. ಇಂಗ್ಲಿಷ್ ಹಾರ್ಟ್ ಲ್ಯಾಂಪ್ ಬೆಂಗಳೂರಿಂದ ತರಿಸೋದು ಸುಲಭ ಆಯ್ತು, ಆನ್‌ಲೈನಲ್ಲೂ ಸಿಗ್ತಿತ್ತು. ಕನ್ನಡದ್ದು ನನ್ನ ಕೈಗೆ ಬರೋ ಹೊತ್ತಿಗೆ ಕೇಳ್ಕೊಂಡು ಬಂದೋರಲ್ಲಿ ಅರ್ಧ ಜನ ಮತ್ತೆ ಬರ್ಲಿಲ್ಲ. ನಾನು ಪ್ರಕಾಶಕರನ್ನ ದೂರಲ್ಲ ಸಾರ್. ಕನ್ನಡದಲ್ಲಿ ಒಂದು ಕಥಾಸಂಕಲನ ಅಚ್ಚಾಗೋದೇ ಐನೂರೋ ಸಾವಿರವೋ ಪ್ರತಿ, ಅದು ಖರ್ಚಾಗೋಕೆ ವರ್ಷಗಟ್ಟಲೆ, ಇನ್ನೊಂದು ಮುದ್ರಣಕ್ಕೆ ಕೈಯಿಂದ ದುಡ್ಡು ಹಾಕಿ ಗೋಡೌನಲ್ಲಿ ಪೇರಿಸ್ಕೊಂಡು ಕೂರೋಕೆ ಯಾರಿಗೆ ಆಗುತ್ತೆ.

ಪುಸ್ತಕ ಇಲ್ಲ ಅಂದಾಗ ಜನಕ್ಕೆ ನಾನು ಹೇಳಿದ್ದು, ಲೈಬ್ರರಿಗೆ ಹೋಗಿ ನೋಡಿ, ಮೂವತ್ತು ವರ್ಷದಿಂದ ಬರೀತಿರೋರು, ಅವ್ರ ಕತೇನ ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದಾರೆ, ಹಸೀನಾ ಅಂತ, ತಾರಾಗೆ ರಾಷ್ಟ್ರಪ್ರಶಸ್ತಿ ಬಂದಿದ್ದು ಅದಕ್ಕೇನೆ, ಅವ್ರ ಪುಸ್ತಕ ಇಲ್ದೇ ಇರುತ್ತಾ ಅಂದೆ. ಇರ್ಲಿಲ್ಲ. ಆಮೇಲೆ ನಾನೇ ಸುತ್ತಮುತ್ತ ಕೆಲವು ಲೈಬ್ರರಿಗಳಿಗೆ ಹೋಗಿ ರಿಜಿಸ್ಟರ್ ನೋಡ್ದೆ. ಯಾವ ಊರು ಅಂತ ಹೇಳಲ್ಲ, ಅಲ್ಲಿರೋ ಮೇಲ್ವಿಚಾರಕರು ಪಾಪ ಸಿಗೋ ಸಂಬಳದಲ್ಲಿ ಪೇಪರ್ ಜೋಡಿಸ್ಕೊಂಡು ಕಸ ಗುಡಿಸ್ಕೊಂಡು ಇರೋರು, ಅವ್ರಿಗೆ ತೊಂದ್ರೆ ಆಗೋದು ಬೇಡ. ಒಂದು ಕಡೆ ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ ಹೊಸದಾಗಿ ಚೆನ್ನಾಗಿತ್ತು, ಸಾಹಿತ್ಯದ ಕಪಾಟಿಗೆ ಬೀಗ, ಕೀ ಯಾರ ಹತ್ರ ಅಂತ ಅವ್ರಿಗೇ ಗೊತ್ತಿಲ್ಲ. ಇನ್ನೊಂದು ಕಡೆ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಹಳೇ ಕಾದಂಬರಿಗಳು, ಕೊನೇ ಹಾಳೆ ಇಲ್ದೇ ಇರೋವು. ಕತೆ ಮುಗಿಯೋದು ಹೆಂಗೆ ಅಂತ ಓದುಗರೇ ಕಲ್ಪನೆ ಮಾಡ್ಕೋಬೇಕು, ಅದೂ ಒಂಥರಾ ಸೃಜನಶೀಲತೆ ಅನ್ನಿ.

ಇದಕ್ಕೆ ಕಾರಣ ಏನು ಅಂತ ಪುಸ್ತಕದ ವ್ಯವಹಾರದಲ್ಲಿರೋ ಯಾರನ್ನ ಕೇಳಿದ್ರೂ ಒಂದೇ ಮಾತು ಹೇಳ್ತಾರೆ, ಸಗಟು ಖರೀದಿ. ನಿಮಗೆ ಗೊತ್ತಿರೋದೇ, ಆದ್ರೂ ಓದೋ ಬೇರೆಯವ್ರಿಗೋಸ್ಕರ ಹೇಳ್ತೀನಿ. ಒಂದು ವರ್ಷದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳನ್ನ ಪ್ರಕಾಶಕರು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸಲ್ಲಿಸ್ತಾರೆ, ಆಯ್ಕೆ ಸಮಿತಿ ನೋಡಿ ಆರಿಸುತ್ತೆ, ಆರಿಸಿದ ಪುಸ್ತಕದ ಕೆಲವು ನೂರು ಪ್ರತಿಗಳನ್ನ ಸರ್ಕಾರ ಪುಟಕ್ಕೆ ಇಷ್ಟು ಅಂತ ದರ ಕಟ್ಟಿ ಕೊಳ್ಳುತ್ತೆ, ಅವು ರಾಜ್ಯದ ಗ್ರಂಥಾಲಯಗಳಿಗೆ ಹೋಗ್ತವೆ. ಯೋಜನೆ ಒಳ್ಳೇದು, ಬಹಳ ಒಳ್ಳೇದು, ಸಣ್ಣ ಪ್ರಕಾಶಕ ಹೊಸ ಕವಿಯ ಪುಸ್ತಕ ಹಾಕೋ ಧೈರ್ಯ ಮಾಡೋದೇ ಇದನ್ನ ನಂಬ್ಕೊಂಡು. ಆದ್ರೆ ಒಂದು ವರ್ಷದ ಪುಸ್ತಕದ ಆಯ್ಕೆ ಆಗೋಕೆ ವರ್ಷಗಳೇ ಹಿಡೀತವೆ, ಆಯ್ಕೆ ಆದ್ಮೇಲೆ ಆದೇಶ ತಡ, ಪುಸ್ತಕ ಕೊಟ್ಮೇಲೆ ದುಡ್ಡು ತಡ. ಲೇಖಕರು ಪ್ರಕಾಶಕರು ಇದನ್ನ ಎಷ್ಟೋ ಸಲ ಪತ್ರ ಬರೆದು, ಧರಣಿ ಕೂತು, ಪೇಪರಲ್ಲಿ ಹೇಳಿದಾರೆ. ದರ ಹಳೇದು, ಅಷ್ಟೊತ್ತಿಗೆ ಕಾಗದದ ರೇಟು ಹೊಸದು.

ಕಾಗದ ಅಂದಾಗ ಇನ್ನೊಂದು ನೆನಪಾಯ್ತು. ಸೆಪ್ಟೆಂಬರ್ 22ಕ್ಕೆ ಬಾನು ಮುಷ್ತಾಕ್ ಅವ್ರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆ ಮಾಡಿದ್ರು. ಅದಕ್ಕೆ ಮುಂಚೆ ಹಿಂದೂ ಅಲ್ಲದೋರು ಉದ್ಘಾಟನೆ ಮಾಡಬಾರದು ಅಂತ ಎಷ್ಟು ಗಲಾಟೆ, ಹೈಕೋರ್ಟಿಗೆ ಹೋದ್ರು, ಅಲ್ಲಿ ವಜಾ, ಸುಪ್ರೀಂ ಕೋರ್ಟಿಗೆ ಹೋದ್ರು, ಅಲ್ಲೂ ವಜಾ. 2017ರಲ್ಲಿ ನಿಸಾರ್ ಅಹಮದ್ ಅವ್ರು ಉದ್ಘಾಟನೆ ಮಾಡಿದಾಗ ಆಗದೇ ಇದ್ದಿದ್ದು ಈಗ ಯಾಕಾಯ್ತು ಅಂತ ಕೇಳಿದ್ರೆ ಉತ್ತರ ಎಲ್ಲರಿಗೂ ಗೊತ್ತು. ಸರ್ಕಾರ ಹೆದರದೆ ನಿಂತ್ಕೊಂತು, ಅದನ್ನ ಒಪ್ಕೋಬೇಕು. ಆದ್ರೆ ಅದೇ ಸೆಪ್ಟೆಂಬರ್ 22ಕ್ಕೆ, ಅದೇ ದಿನ, ದೇಶದಲ್ಲಿ ಹೊಸ ಜಿಎಸ್‌ಟಿ ದರ ಜಾರಿಗೆ ಬಂತು, ಮಕ್ಕಳ ನೋಟ್‌ಬುಕ್ಕಿಗೆ ತೆರಿಗೆ ತೆಗೆದ್ರು, ಸಂತೋಷ, ನನ್ನ ಮುಕ್ಕಾಲು ವ್ಯಾಪಾರ ಅದೇ ಅಲ್ವಾ, ಆದ್ರೆ ಪುಸ್ತಕ ಅಚ್ಚು ಹಾಕೋ ಕಾಗದದ ತೆರಿಗೆ ಶೇ 12 ಇದ್ದಿದ್ದು ಶೇ 18 ಆಯ್ತು. ಅಚ್ಚಾದ ಪುಸ್ತಕಕ್ಕೆ ತೆರಿಗೆ ಇಲ್ಲ, ಅಂದ್ರೆ ಕಾಗದಕ್ಕೆ ಕಟ್ಟಿದ್ದನ್ನ ಪ್ರಕಾಶಕರು ವಾಪಸ್ ಪಡೆಯೋಕೂ ಆಗಲ್ಲ, ಪುಸ್ತಕದ ಬೆಲೆ ಮೇಲೆ ಹಾಕಬೇಕು ಇಲ್ಲಾ ನುಂಗ್ಕೋಬೇಕು. ಅವತ್ತು ಇಡೀ ದಿನ ಟೀವಿಗಳು ಯಾವ ಬಣ್ಣದ ಸೀರೆ, ಹೂ ಮುಡಿದ್ರಾ ಇಲ್ವಾ ಅಂತ ಚರ್ಚೆ ಮಾಡಿದ್ವು, ಕಾಗದದ ಸುದ್ದಿ ಒಬ್ಬರೂ ಎತ್ತಲಿಲ್ಲ. ಜಿಎಸ್‌ಟಿ ಕೇಂದ್ರದ್ದು ಅಂತ ನೀವು ಹೇಳ್ಬಹುದು, ಆದ್ರೆ ಕೌನ್ಸಿಲಲ್ಲಿ ಕರ್ನಾಟಕಕ್ಕೂ ಒಂದು ಕುರ್ಚಿ ಇದೆ. ಇದನ್ನೇ ನೆಪ ಮಾಡ್ಕೊಂಡು ದೆಹಲಿಯೋರೂ ಸುಮ್ನಿರಬೇಕಾಗಿಲ್ಲ, ಅಂಚೆಯಲ್ಲಿ ಪುಸ್ತಕಕ್ಕೆ ಕಮ್ಮಿ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಇದ್ದಿದ್ದನ್ನ 2024ರ ಡಿಸೆಂಬರಲ್ಲಿ ನಿಲ್ಲಿಸಿದ್ದು ಅವ್ರೇ, ಆವಾಗ ಹಳ್ಳಿಯೋರಿಗೆ ಒಂದು ಸಣ್ಣ ಕವನ ಸಂಕಲನ ಕಳಿಸೋಕೂ ಪುಸ್ತಕಕ್ಕಿಂತ ಸಾಗಣೆ ಖರ್ಚೇ ಲೆಕ್ಕ ಹಾಕೋ ಹಂಗಾಗಿತ್ತು, ಆಮೇಲೆ 2025ರ ಮೇ ತಿಂಗಳಲ್ಲಿ ಜ್ಞಾನ ಪೋಸ್ಟ್ ಅಂತ ಬೇರೆ ಸೇವೆ ತಂದ್ರು.

ದಸರಾ ಶುರುವಾಗಿ ಎರಡೇ ದಿನಕ್ಕೆ, 24ಕ್ಕೆ, ಎಸ್.ಎಲ್. ಭೈರಪ್ಪನವ್ರು ಹೋದ್ರು. ಅವ್ರೂ ನಮ್ಮ ಜಿಲ್ಲೆಯೋರೇ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. ನೀವು ಸರ್ಕಾರಿ ಗೌರವ ಕೊಟ್ರಿ, ಮೈಸೂರಲ್ಲಿ ಸ್ಮಾರಕ ಮಾಡ್ತೀವಿ ಅಂದ್ರಿ. ಅವ್ರ ವಿಚಾರ ನಿಮಗೆ ಒಪ್ಪಿಗೆ ಇರ್ಲಿಲ್ಲ, ಆದ್ರೂ ಮಾಡಿದ್ರಿ, ಅದು ದೊಡ್ಡತನ. ಅವಾಗ ವಾಟ್ಸಾಪಲ್ಲಿ ಭೈರಪ್ಪನವ್ರ ಕಡೆಯೋರು, ಬಾನು ಕಡೆಯೋರು ಅಂತ ಎರಡು ಪಕ್ಷ ಆಗಿ ಬೈದಾಡಿದ್ರು. ನನ್ನ ಅಂಗಡೀಲಿ ಹಂಗಾಗಿಲ್ಲ ಸಾರ್. ಪರ್ವ ತಗೊಂಡು ಹೋದ ಪಿಯು ಲೆಕ್ಚರರೊಬ್ಬರು ಮುಂದಿನ ವಾರ ಬಂದು ಬಾನು ಅವ್ರ ಕತೆಗಳನ್ನೂ ತಗೊಂಡು ಹೋದ್ರು. ಬೈದಾಡೋರು ಎರಡೂ ಕಡೆಯಿಂದ ಯಾರೂ ಅಂಗಡಿಗೆ ಬಂದಿಲ್ಲ, ಇದನ್ನ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಭೈರಪ್ಪನವ್ರಿಗಾದ್ರೂ ಕೊಂಡು ಓದೋ ಜನ ಇದ್ರು, ಅವ್ರ ಪುಸ್ತಕ ಮರುಮುದ್ರಣ ಆಗ್ತಾನೇ ಇರುತ್ತೆ, ಸರ್ಕಾರ ಕೊಂಡ್ರೂ ಕೊಳ್ದಿದ್ರೂ ನಡಿಯುತ್ತೆ. ಅಕ್ಟೋಬರ್ 5ಕ್ಕೆ ಮೊಗಳ್ಳಿ ಗಣೇಶ್ ಹೋದ್ರಲ್ಲ, ಬುಗುರಿಯಂಥ ಕತೆ ಬರೆದೋರು, ದಲಿತರ ಬದುಕನ್ನ ಆ ಥರ ಒಳಗಿಂದ ಬರೆದೋರು ಎಷ್ಟು ಜನ ಇದಾರೆ, ಅವ್ರು ಹೋದ ವಾರ ಒಬ್ಬ ಹುಡುಗ ಬಂದು ಅವ್ರದ್ದು ಯಾವುದಾದ್ರೂ ಕೊಡಿ ಅಣ್ಣ ಅಂದ, ಇರ್ಲಿಲ್ಲ, ಫೋನ್ ಮಾಡಿ ಕೇಳಿದ್ರೆ ಕೆಲವು ಪುಸ್ತಕ ಎಲ್ಲೂ ಪ್ರತಿ ಇಲ್ಲ. ಇಂಥೋರಿಗೇ ಗ್ರಂಥಾಲಯ ಬೇಕಾಗಿರೋದು. ಮಾರ್ಕೆಟ್ಟು ಯಾರನ್ನ ಬದುಕಿಸುತ್ತೋ ಅವ್ರನ್ನ ಬದುಕಿಸ್ಕೊಳ್ಳುತ್ತೆ, ಮಿಕ್ಕೋರನ್ನ ಬದುಕಿಸೋಕೆ ಅಲ್ವಾ ನಾವು ಕರ ಕಟ್ಟೋದು.

ಹೌದು, ಕರ ಕಟ್ತಿದೀವಿ. ಮನೆ ಕಂದಾಯದ ರಸೀದಿ ತೆಗೆದು ಯಾರಾದ್ರೂ ನೋಡಿ, ಆರೋಗ್ಯ ಕರ, ಭಿಕ್ಷುಕರ ಕರದ ಪಕ್ಕದಲ್ಲೇ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ, ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆ. 1965ರ ಗ್ರಂಥಾಲಯ ಕಾಯ್ದೆ ಅದು. ಸರ್ಕಾರ ದಾನ ಮಾಡ್ತಿರೋದಲ್ಲ, ಪುಸ್ತಕಕ್ಕೆ ಅಂತಲೇ ನಮ್ಮ ಹತ್ರ ವಸೂಲಿ ಮಾಡಿದ್ದು. ಈ ದುಡ್ಡನ್ನ ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿ ಗ್ರಂಥಾಲಯಕ್ಕೆ ಕಟ್ಟಬೇಕು, ಅದು ಪೂರ್ತಿ ಕಟ್ಟದೇ ಬಾಕಿ ಉಳಿಸ್ಕೊಳ್ಳೋದು ಬೆಂಗಳೂರಿನ ಪಾಲಿಕೆಯಿಂದ ಹಿಡಿದು ಎಲ್ಲಾ ಕಡೆ ವರ್ಷಗಳಿಂದ ಇರೋ ಕಾಯಿಲೆ. ಈ ಸೆಪ್ಟೆಂಬರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯ್ತು. ಅಣ್ಣ ತಮ್ಮಂದಿರು ಪಾಲಾದಾಗ ಗದ್ದೆ ತೋಟ ಎಲ್ರೂ ಹಂಚ್ಕೊಂತಾರೆ, ಅಪ್ಪನ ಸಾಲ ಯಾರದ್ದು ಅಂದ್ರೆ ಎಲ್ರೂ ಬೇರೆ ಕಡೆ ನೋಡ್ತಾರೆ, ಹಂಗಾಗಬಾರದು. ಹಳೇ ಬಾಕಿ ಯಾವ ಪಾಲಿಕೆ ತಲೆ ಮೇಲೆ ಎಷ್ಟು ಅಂತ ಇವತ್ತಿನ ತನಕ ನಮ್ಮಂಥೋರಿಗೆ ತಿಳಿಯೋ ಹಾಗೆ ಯಾರೂ ಹೇಳಿಲ್ಲ.

ಆಗಸ್ಟಲ್ಲಿ ಬೆಂಗಳೂರಲ್ಲಿ ಬುಕ್ ಬ್ರಹ್ಮ ಸಾಹಿತ್ಯ ಉತ್ಸವ ಆಯ್ತು, ದಕ್ಷಿಣದ ಭಾಷೆಗಳ ಲೇಖಕರೆಲ್ಲಾ ಬಂದಿದ್ರು, ಸಭಾಂಗಣ ತುಂಬಿ ಜನ ನಿಂತ್ಕೊಂಡು ಕೇಳಿದ್ರು ಅಂತ ಹೋಗಿದ್ದೋರು ಹೇಳಿದ್ರು. ಓದೋ ಜನ ಇಲ್ಲ, ಮೊಬೈಲ್ ಬಂದು ಹಾಳಾಯ್ತು ಅಂತ ಭಾಷಣ ಮಾಡೋರನ್ನ ನಂಬಬೇಡಿ ಸಾರ್. ಓದೋರು ಇದಾರೆ, ಅವ್ರು ಇರೋ ಊರಿಗೆ ಪುಸ್ತಕ ಬರಲ್ಲ. ಬಳ್ಳಾರೀಲಿ 88ನೇ ಸಮ್ಮೇಳನ ಆಗಬೇಕಿತ್ತು, ಬಾನು ಅವ್ರನ್ನೇ ಅಧ್ಯಕ್ಷರನ್ನಾಗಿ ಆರಿಸಿದ್ರು, ಪರಿಷತ್ತಿನ ಒಳಗಿನ ರಗಳೆಯಲ್ಲಿ ವರ್ಷ ಮುಗೀತು. ಆ ರಗಳೆ ಬಗ್ಗೆ ನಾನು ಮಾತಾಡಲ್ಲ, ನನಗೆ ಬೇಜಾರಾಗಿದ್ದು ಮಳಿಗೆ ವಿಷ್ಯಕ್ಕೆ. ಸಮ್ಮೇಳನ ಅಂದ್ರೆ ನಮ್ಮಂಥ ಸಣ್ಣ ವ್ಯಾಪಾರಿಗಳಿಗೆ ಮೂರು ದಿನದ ಸುಗ್ಗಿ, ಅದಕ್ಕೆ ಅಂತ ಪ್ರಕಾಶಕರಿಂದ ಸಾಲದ ಮೇಲೆ ಬಂಡಲ್ ಎತ್ತಿ ಇಟ್ಕೊಂಡೋರು ಎಷ್ಟೋ ಜನ ಇದಾರೆ.

ಈಗ ನನ್ನ ಕೋರಿಕೆ. ದೊಡ್ಡದೇನಲ್ಲ, ಹೊಸ ಯೋಜನೆ ಯಾವುದೂ ಬೇಡ, ಹೊಸ ಪ್ರಶಸ್ತಿಯಂತೂ ದಯವಿಟ್ಟು ಬೇಡ, ಇರೋವೇ ಸಾಕು.

ಸಗಟು ಖರೀದಿಗೆ ಒಂದು ತಾರೀಕು ಕಟ್ಟಿ. ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ತಾರೀಕು ಇರುತ್ತೆ, ದಸರಾಗೆ ಇರುತ್ತೆ, ಬಜೆಟ್ಟಿಗೆ ಇರುತ್ತೆ, ಇದಕ್ಕೆ ಯಾಕಿಲ್ಲ. ಹಿಂದಿನ ವರ್ಷಗಳದ್ದು ಬಾಕಿ ಏನಿದೆ ಎಲ್ಲಾ ಒಟ್ಟಿಗೆ ತೀರಿಸಿ, ಪುಟದ ದರವನ್ನ ಈಗಿನ ಕಾಗದದ ಬೆಲೆಗೆ ಸರಿ ಮಾಡಿ. ಆಯ್ಕೆ ಆದ ಪುಸ್ತಕದ ಪಟ್ಟಿ ಜೊತೆ ಯಾವ ಪುಸ್ತಕ ಯಾವ ಗ್ರಂಥಾಲಯಕ್ಕೆ ಹೋಯ್ತು ಅನ್ನೋದನ್ನೂ ಇಂಟರ್ನೆಟ್ಟಲ್ಲಿ ಹಾಕಿ, ನಾವೇ ಹೋಗಿ ಕಪಾಟು ನೋಡ್ಕೊಂತೀವಿ. ಹಂಗೆ ಹಾಕಿದ್ರೆ ಯಾರ್ಯಾರದ್ದೋ ಶಿಫಾರಸಿನ ಮೇಲೆ ಒಳಗೆ ಬರೋ, ಒಬ್ಬರೂ ತೆರೆಯದ ಪುಸ್ತಕಗಳೂ ತಾವಾಗೇ ಕಮ್ಮಿ ಆಗ್ತವೆ, ಅಂಥವು ಇವೆ ಅಂತ ನಿಮಗೂ ಗೊತ್ತು.

ಗ್ರಂಥಾಲಯ ಕರದ ಲೆಕ್ಕ, ಅದರಲ್ಲೂ ಬೆಂಗಳೂರಿನ ಹಳೇ ಬಾಕಿ, ಐದು ಪಾಲಿಕೆಗೆ ಹೆಂಗೆ ಹಂಚಿದ್ರಿ ಅನ್ನೋದನ್ನ ಸದನದಲ್ಲಿ ಇಡಿ. ಬೆಂಗಳೂರಿನ ಕರದ ಬಗ್ಗೆ ಹಾಸನದೋನಿಗೆ ಏನು ಅಂತ ಕೇಳ್ಬೇಡಿ, ಕನ್ನಡ ಪುಸ್ತಕಕ್ಕೆ ಅತಿ ದೊಡ್ಡ ಗಿರಾಕಿ ಆಗಬೇಕಾದ ಊರು ಅದು, ಅಲ್ಲಿ ಕೊಂಡ್ರೆ ಇಲ್ಲಿ ಎರಡನೇ ಮುದ್ರಣ ಸಿಗುತ್ತೆ.

ಪಂಚಾಯ್ತಿ ಗ್ರಂಥಾಲಯಗಳನ್ನ 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ರು, ಅರಿವು ಕೇಂದ್ರ ಅಂತ ಹೆಸರಾಯ್ತು, ಬಣ್ಣ ಬಳಿದು ಕಂಪ್ಯೂಟರ್ ಇಟ್ಟು ಎಷ್ಟೋ ಕಡೆ ಚೆಂದ ಮಾಡಿದಾರೆ, ನೋಡಿದೀನಿ, ಮಕ್ಕಳು ಬರ್ತಾರೆ. ಇಂಥವು 5 ಸಾವಿರಕ್ಕೂ ಹೆಚ್ಚಿವೆ. ಒಂದೊಂದಕ್ಕೂ ಈ ವರ್ಷ ನಾವು ಮೆರೆಸಿದ, ಕಳ್ಕೊಂಡ ಲೇಖಕರ ಪುಸ್ತಕಗಳ ಒಂದು ಕಟ್ಟು ಕಳಿಸಿ. ಬಾನು ಮುಷ್ತಾಕ್ ಕತೆಗಳು, ಎಚ್ಚೆಸ್ವಿ ಕವಿತೆಗಳು, ಅವ್ರು ಮಕ್ಕಳಿಗೆ ಬರೆದಿದ್ದಂತೂ ಬೇಕೇ ಬೇಕು, ಭೈರಪ್ಪನವ್ರ ಎರಡು ಕಾದಂಬರಿ, ಮೊಗಳ್ಳಿ ಗಣೇಶರ ಕತೆಗಳು. ಸ್ಮಾರಕ ಕಟ್ಟಿ, ಬೇಡ ಅನ್ನಲ್ಲ, ಆದ್ರೆ ಅದರ ಟೆಂಡರ್ ಕರೆಯೋಕೆ ಮುಂಚೆ ಇದನ್ನ ಮಾಡಿ. 5 ಸಾವಿರ ಪ್ರತಿ ಒಂದೇ ಆರ್ಡರ್ ಬಂತು ಅಂದ್ರೆ ಒಬ್ಬ ಪ್ರಕಾಶಕನ ಹತ್ತು ವರ್ಷದ ಬದುಕು ಬದಲಾಗುತ್ತೆ ಸಾರ್, ಮೊಗಳ್ಳಿಯಂಥ ಲೇಖಕರ ಪುಸ್ತಕ ಮತ್ತೆ ಅಚ್ಚಿಗೆ ಬರುತ್ತೆ. ಆ ಸಾಹಿತ್ಯದ ಕಪಾಟಿಗೆ ಬೀಗ ಹಾಕಬಾರದು ಅಂತ ಒಂದು ಸುತ್ತೋಲೆನೂ ಜೊತೇಲೇ ಹೊರಡಿಸಿ.

ಕಾಗದದ ಶೇ 18ರ ವಿಷ್ಯ ಮುಂದಿನ ಜಿಎಸ್‌ಟಿ ಕೌನ್ಸಿಲಲ್ಲಿ ಕರ್ನಾಟಕದ ಕಡೆಯಿಂದ ಎತ್ತಿಸಿ. ನೋಟ್‌ಬುಕ್ಕಿನ ಕಾಗದಕ್ಕೆ ವಿನಾಯಿತಿ ಕೊಟ್ಟೋರು ಪುಸ್ತಕದ ಕಾಗದಕ್ಕೆ ಕೊಡೋಕೆ ಆಗಲ್ವಾ ಅಂತ ಕೇಳಿದ್ರೆ ಸಾಕು. ತಮಿಳುನಾಡು ಕೇರಳದೋರೂ ದನಿಗೂಡಿಸ್ತಾರೆ, ಅವ್ರ ಪ್ರಕಾಶಕರ ಕಷ್ಟಾನೂ ಇದೇ ಅಲ್ವಾ.

ವಿಧಾನಸೌಧದ ಪುಸ್ತಕ ಮೇಳದ ಥರದ್ದನ್ನ ಜಿಲ್ಲೆಗಳಲ್ಲೂ ಮಾಡಿ, ಜಿಲ್ಲಾಧಿಕಾರಿ ಕಚೇರಿ ಆವರಣದಲ್ಲಿ ಮಾಡಿದ್ರೂ ಆಯ್ತು, ಮಳಿಗೆ ಬಾಡಿಗೆ ಮಾತ್ರ ನಮ್ಮಂಥೋರ ಕೈಗೆಟುಕೋ ಹಾಗಿರಲಿ.

ಈ ಪತ್ರಕ್ಕೆ ನೀವು ಉತ್ತರ ಬರೀಬೇಕು ಅಂತೇನಿಲ್ಲ, ನಿಮಗೆ ಸಾವಿರ ಕೆಲಸ. ಮಾರ್ಚಲ್ಲಿ ನೀವು ಬಜೆಟ್ ಓದುವಾಗ ಗ್ರಂಥಾಲಯ ಅನ್ನೋ ಕಡೆ ಎಷ್ಟು ದುಡ್ಡು, ಯಾವ ತಾರೀಕಿಗೆ ಅನ್ನೋ ಎರಡು ಮಾತು ಬರುತ್ತಾ ಅಂತ ಅಂಗಡೀಲಿ ಟೀವಿ ಹಾಕ್ಕೊಂಡು ಕೇಳ್ತೀನಿ. 2025ರಲ್ಲಿ ಅಚ್ಚಾದ ಪುಸ್ತಕಗಳ ಆಯ್ಕೆ ಪಟ್ಟಿ 2026ರ ಜೂನ್ ಒಳಗೆ, ದುಡ್ಡು ದಸರಾ ಒಳಗೆ, ಇಷ್ಟೇ ನನ್ನ ಬೇಡಿಕೆ.

ಇಂತಿ ತಮ್ಮ ವಿಶ್ವಾಸಿ,
ಹಾಸನ ಜಿಲ್ಲೆಯ ಒಬ್ಬ ಪುಸ್ತಕದಂಗಡಿಯವನು
ಡಿಸೆಂಬರ್ 2025